ಓಪನ್ ಸೋರ್ಸ್ ಡಾಕ್ಯುಮೆಂಟ್ ಎಡಿಟರ್‌ನ ಫ್ರಂಟ್‌ಎಂಡ್ ನೋಡಿಕೊಳ್ಳುವುದು ಹೇಗೆ: ಮೊದಲ ಬಿಲ್ಡ್‌ನಿಂದ ರಿಲೀಸ್ ತನಕ

ಮೇಲೆ ಒಂದು ಟೂಲ್‌ಬಾರ್, ಕೆಳಗೆ ಬರೆಯುವ ಜಾಗ. ಡಾಕ್ಯುಮೆಂಟ್ ಎಡಿಟರ್ ಅಂದರೆ ಇಷ್ಟೇ ಅಲ್ವಾ ಅಂದುಕೊಂಡೇ ನಾನು ಈ ಕೆಲಸಕ್ಕೆ ಕೈ ಹಾಕಿದ್ದು. ಶುರುವಿನಲ್ಲೇ ಕೋಡ್‌ಗೆ ಒಂದೇ ಒಂದು ಸಾಲು ಸೇರಿಸಿದೆ, ಯಾರದೋ ಪುಟದ ತುಂಬ ಅಕ್ಷರಗಳ ಆಕಾರವೇ ಕೆಟ್ಟುಹೋಯಿತು. ಆ ಕಥೆ ಮುಂದೆ ಬರುತ್ತದೆ.

ಬೇರೆ ವೆಬ್ ಆ್ಯಪ್‌ಗಳಲ್ಲಿ ಏನಾದರೂ ತಪ್ಪಾದರೆ ಪುಟ ರಿಫ್ರೆಶ್ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ. ಎಡಿಟರ್‌ನಲ್ಲಿ ತಪ್ಪಾದರೆ ಒಬ್ಬರು ಎರಡು ಗಂಟೆ ಕೂತು ಬರೆದದ್ದು ಹೋಗುತ್ತದೆ. ಅದಕ್ಕೇ ಕೋಡ್ ಮುಟ್ಟುವ ಮೊದಲು ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದರಿಂದ ಬರೆಯುತ್ತಿರುವವರ ಒಂದು ಅಕ್ಷರವಾದರೂ ಕಳೆಯುತ್ತದಾ, ಕೆಡುತ್ತದಾ?

ಜಾವಾಸ್ಕ್ರಿಪ್ಟ್ ಮತ್ತು ಗಿಟ್ ಸ್ವಲ್ಪ ಗೊತ್ತಿದ್ದು, ಎಡಿಟರ್ ಪ್ರಾಜೆಕ್ಟ್ ಒಂದಕ್ಕೆ ಪ್ಯಾಚ್ ಕಳಿಸಬೇಕು ಅಂತಿರುವವರಿಗೆ, ಅಥವಾ ಅದರ ಫ್ರಂಟ್‌ಎಂಡ್ (ಬ್ರೌಸರ್‌ನಲ್ಲಿ ಓಡುವ, ಬಳಸುವವರಿಗೆ ಕಾಣುವ ಭಾಗ) ನೋಡಿಕೊಳ್ಳುವ ಹೊಣೆ ಹೆಗಲಿಗೆ ಬಿದ್ದವರಿಗೆ ಈ ಗೈಡ್.

## ಹಂತ 1: ಇದು ಯಾವ ಬಗೆಯ ಎಡಿಟರ್ ಅಂತ ತಿಳಿದುಕೊಳ್ಳಿ

ಬ್ರೌಸರ್‌ನಲ್ಲಿ ಓಡುವ ಎಡಿಟರ್‌ಗಳು ಮುಖ್ಯವಾಗಿ ಮೂರು ಬಗೆ.

ಒಂದು, ಕಂಟೆಂಟ್‌ಎಡಿಟಬಲ್ ಮೇಲೆ ನಿಂತವು. ಪುಟದ ಒಂದು ಭಾಗವನ್ನು ಬರೆಯುವ ಜಾಗವಾಗಿಸುವ ಈ ಸೌಲಭ್ಯವನ್ನು ಮೈಕ್ರೋಸಾಫ್ಟ್ 2000ದಲ್ಲಿ, ಇಂಟರ್ನೆಟ್ ಎಕ್ಸ್‌ಪ್ಲೋರರ್ 5.5ರ ಜೊತೆ ತಂದಿತು. ಉಳಿದ ಬ್ರೌಸರ್‌ಗಳು ಆಮೇಲೆ ಅದನ್ನು ಎತ್ತಿಕೊಂಡವು, ಒಂದೊಂದೂ ತನಗೆ ತೋಚಿದ ಹಾಗೆ. ಪ್ರೋಸ್‌ಮಿರರ್, ಅದರ ಮೇಲೆ ಕಟ್ಟಿದ ಟಿಪ್‌ಟ್ಯಾಪ್, ಸ್ಲೇಟ್, ಕ್ವಿಲ್, ಲೆಕ್ಸಿಕಲ್ ಎಲ್ಲ ಈ ಗುಂಪಿನವು.

ಎರಡು, ಕ್ಯಾನ್ವಾಸ್ ಎಡಿಟರ್‌ಗಳು. ಅಕ್ಷರ, ಮಿನುಗುವ ಕರ್ಸರ್, ಆಯ್ದ ಭಾಗದ ನೀಲಿ ಬಣ್ಣ, ಎಲ್ಲವನ್ನೂ ಎಡಿಟರೇ ಚಿತ್ರದ ಹಾಗೆ ಬಿಡಿಸುತ್ತದೆ. ಓನ್ಲಿಆಫೀಸ್ ಹಿಡಿದಿರುವುದು ಈ ದಾರಿ.

ಮೂರು, ಟೈಲ್ ಎಡಿಟರ್‌ಗಳು. ಕೊಲಾಬೊರಾ ಆನ್‌ಲೈನ್ ಹೀಗೆ. ಡಾಕ್ಯುಮೆಂಟ್ ನಿಜವಾಗಿ ತೆರೆದಿರುವುದು ಸರ್ವರ್‌ನಲ್ಲಿ, ಲಿಬ್ರೆಆಫೀಸ್‌ನ ಒಳಗೆ. ಅದು ಪುಟವನ್ನು ಚೌಕ ಚೌಕ ಚಿತ್ರಗಳಾಗಿ ವೆಬ್‌ಸಾಕೆಟ್‌ನಲ್ಲಿ (ಬ್ರೌಸರ್‌ಗೂ ಸರ್ವರ್‌ಗೂ ನಡುವೆ ತೆರೆದೇ ಇರುವ ಸಂಪರ್ಕ) ಕಳಿಸುತ್ತದೆ, ಬ್ರೌಸರ್ ಜೋಡಿಸಿ ತೋರಿಸುತ್ತದೆ. ಈ ಫ್ರಂಟ್‌ಎಂಡ್ ಬೆಳೆದದ್ದು ಲೀಫ್‌ಲೆಟ್ ಅನ್ನುವ ನಕ್ಷೆ ತೋರಿಸುವ ಲೈಬ್ರರಿಯಿಂದ. ಹಾಗಾಗಿ ಕೋಡ್‌ನಲ್ಲಿ 'ಮ್ಯಾಪ್' ಅಂತ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ. ನಕ್ಷೆ ಯಾವುದೂ ಇಲ್ಲ, ಅದು ನಿಮ್ಮ ಡಾಕ್ಯುಮೆಂಟೇ.

ನಿಮ್ಮದು ಯಾವುದು ಅಂತ ಗೊತ್ತುಮಾಡಿಕೊಳ್ಳಲು ಎರಡು ನಿಮಿಷ ಸಾಕು. ಬರೆದ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ಒತ್ತಿ. ಪ್ಯಾರಾಗ್ರಾಫ್ ಟ್ಯಾಗ್‌ಗಳು, ಅವುಗಳ ಒಳಗೆ ನಿಮ್ಮ ಪದಗಳು ಕಂಡರೆ ಮೊದಲ ಬಗೆ. ಬರೀ ಒಂದು ಕ್ಯಾನ್ವಾಸ್ ಟ್ಯಾಗ್ ಕಂಡರೆ ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ, ಒಂದು ಅಕ್ಷರ ಟೈಪ್ ಮಾಡಿ. ಅದಕ್ಕೆ ಉತ್ತರವಾಗಿ ಸರ್ವರ್‌ನಿಂದ ಚಿತ್ರದ ಡೇಟಾ ಬರುತ್ತಿದ್ದರೆ ಟೈಲ್, ಇಲ್ಲದಿದ್ದರೆ ಕ್ಯಾನ್ವಾಸ್.

ಇದು ಸುಮ್ನೆ ತಿಳಿದುಕೊಳ್ಳಲಿಕ್ಕಲ್ಲ. 'ಕರ್ಸರ್ ತಪ್ಪು ಜಾಗದಲ್ಲಿದೆ' ಅನ್ನುವ ಒಂದೇ ದೂರಿಗೆ ಮೂರು ಕಡೆ ಮೂರು ಬೇರೆ ಕಾರಣ ಇರುತ್ತದೆ. ಮೊದಲನೆಯದರಲ್ಲಿ ಬ್ರೌಸರ್‌ನ ಸೆಲೆಕ್ಷನ್‌ಗೂ ನಿಮ್ಮ ಲೆಕ್ಕಕ್ಕೂ ಹೊಂದಾಣಿಕೆ ತಪ್ಪಿರುತ್ತದೆ. ಎರಡನೆಯದರಲ್ಲಿ ಫಾಂಟ್‌ನ ಅಗಲ ಅಳೆದದ್ದು ತಪ್ಪಿರುತ್ತದೆ. ಮೂರನೆಯದರಲ್ಲಿ ಸರ್ವರ್ ಕಳಿಸಿದ ಜಾಗವನ್ನು ಝೂಮ್‌ಗೆ ತಕ್ಕ ಹಾಗೆ ಬದಲಿಸುವಾಗ ಎಡವಟ್ಟಾಗಿರುತ್ತದೆ.

## ಹಂತ 2: ಬಿಲ್ಡ್ ಮಾಡಿ, ಆಮೇಲೆ ಒಂದೇ ಒಂದು ಕೀ ಹಿಂದೆ ಹೋಗಿ

ರೆಪೊಸಿಟರಿಯನ್ನು ಕ್ಲೋನ್ ಮಾಡಿದ ಮೇಲೆ ಪ್ರಾಜೆಕ್ಟ್ ಹೇಳಿದ ನೋಡ್ ಆವೃತ್ತಿಯನ್ನೇ ಹಾಕಿಕೊಳ್ಳಿ. 'ಎನ್‌ಪಿಎಂ ಇನ್‌ಸ್ಟಾಲ್' ಬದಲು 'ಎನ್‌ಪಿಎಂ ಸಿಐ' ಕೊಡಿ. ಮೊದಲನೆಯದು ಕೆಲವೊಮ್ಮೆ ಲಾಕ್ ಫೈಲನ್ನೇ (ಯಾವ ಪ್ಯಾಕೇಜಿನ ಯಾವ ಆವೃತ್ತಿ ಬೇಕು ಅಂತ ಬರೆದಿಟ್ಟ ಫೈಲ್) ತಿದ್ದಿಬಿಡುತ್ತದೆ. ಎರಡನೆಯದು ಲಾಕ್ ಫೈಲ್‌ನಲ್ಲಿ ಇದ್ದದ್ದನ್ನು ಇದ್ದ ಹಾಗೇ ತರುತ್ತದೆ, ಹೊಂದದಿದ್ದರೆ ಅಲ್ಲೇ ನಿಂತುಬಿಡುತ್ತದೆ. ಹೊಸಬರ ಮೊದಲ ಪ್ಯಾಚ್‌ನಲ್ಲಿ ಸಾವಿರಾರು ಸಾಲಿನ ಲಾಕ್ ಫೈಲ್ ಬದಲಾವಣೆ ಸೇರಿಕೊಳ್ಳುವುದು ಜಾಸ್ತಿ ಈ ಕಾರಣಕ್ಕೇ.

ಬಿಲ್ಡ್ ಓಡಿತಾ? ಈಗ ಕೋಡ್ ಓದಲು ಕೂರಬೇಡಿ. ಫೋಲ್ಡರ್ ಮೇಲೆ ಫೋಲ್ಡರ್ ತೆರೆಯುತ್ತಾ ಹೋದರೆ ಸಂಜೆಗೆ ಏನೂ ನೆನಪಿರುವುದಿಲ್ಲ. ಒಂದು ಖಾಲಿ ಡಾಕ್ಯುಮೆಂಟ್ ತೆರೆದು, ಡೆವ್‌ಟೂಲ್ಸ್‌ನಲ್ಲಿ 'ಬಿಫೋರ್‌ಇನ್‌ಪುಟ್' ಈವೆಂಟ್‌ಗೆ ಬ್ರೇಕ್‌ಪಾಯಿಂಟ್ ಹಾಕಿ, 'ಕ' ಒತ್ತಿ. ಅಲ್ಲಿಂದ ಹೆಜ್ಜೆ ಹೆಜ್ಜೆಯಾಗಿ ಮುಂದೆ ಹೋಗಿ. ಕೀ ಎಲ್ಲಿ ಸಿಕ್ಕಿತು, ಯಾವ ಕಮಾಂಡ್ ಆಯಿತು, ಡಾಕ್ಯುಮೆಂಟ್‌ನ ಮಾಡೆಲ್ (ಎಡಿಟರ್ ತನ್ನೊಳಗೆ ಇಟ್ಟುಕೊಂಡಿರುವ ಡಾಕ್ಯುಮೆಂಟ್‌ನ ರೂಪ) ಎಲ್ಲಿ ಬದಲಾಯಿತು, ತೆರೆಯ ಮೇಲೆ ಎಲ್ಲಿ ಮೂಡಿತು, ಸೇವ್ ಆಗಬೇಕು ಅಂತ ಯಾರು ಗುರುತು ಹಾಕಿದರು. ಇದನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಆಮೇಲೆ ಬೋಲ್ಡ್ ಬಟನ್‌ಗೂ ಹೀಗೇ ಮಾಡಿ. ಈ ಎರಡು ದಾರಿ ಗೊತ್ತಾದರೆ ದೂರು ಬಂದಾಗ ಯಾವ ಫೈಲ್ ತೆರೆಯಬೇಕು ಅಂತ ಹುಡುಕಾಡುವುದು ತಪ್ಪುತ್ತದೆ.

ಬೋಲ್ಡ್ ಬಟನ್ ಹಿಂದೆ ಹೋಗುವಾಗ ಒಂದನ್ನು ಗಮನಿಸಿ. ಬಟನ್ ಒತ್ತಿದಂತೆ ಕಾಣಬೇಕೋ ಬೇಡವೋ ಅನ್ನುವುದನ್ನು ಯಾರು ತೀರ್ಮಾನಿಸುತ್ತಾರೆ? ಕರ್ಸರ್ ಇರುವ ಜಾಗವನ್ನು ನೋಡಿ ಮಾಡೆಲ್ ಹೇಳಿದರೆ ಕ್ಷೇಮ. ಬಟನ್ ತನ್ನೊಳಗೇ ಹೌದು-ಇಲ್ಲ ಇಟ್ಟುಕೊಂಡಿದ್ದರೆ ಒಂದಲ್ಲ ಒಂದು ದಿನ ಎರಡೂ ಬೇರೆ ಬೇರೆ ಹೇಳುತ್ತವೆ. ಡಾಕ್ಯುಮೆಂಟ್ ಬಗ್ಗೆ ನಿಜ ಹೇಳುವ ಜಾಗ ಒಂದೇ ಇರಬೇಕು. ಯಾವುದಾದರೂ ಕೋಡ್ ಮಾಡೆಲನ್ನು ಬಿಟ್ಟು ನೇರವಾಗಿ ಪುಟದ ಟ್ಯಾಗ್‌ಗಳನ್ನು ತಿದ್ದುತ್ತಿದ್ದರೆ ಅದನ್ನು ಗುರುತು ಹಾಕಿಟ್ಟುಕೊಳ್ಳಿ. ಮುಂದಿನ ಬಗ್‌ಗಳು ಅಲ್ಲಿಂದಲೇ ಬರುತ್ತವೆ.

## ಹಂತ 3: ದೂರು ಬಂದಾಗ ಮೊದಲು ನೀವೇ ಮಾಡಿ ನೋಡಿ

'ಟೈಪ್ ಮಾಡಿದರೆ ಸರಿಯಾಗಿ ಬರ್ತಿಲ್ಲ.' ಹೀಗೆ ಒಂದು ಸಾಲಿನ ದೂರುಗಳು ಬರುತ್ತಲೇ ಇರುತ್ತವೆ. ಬೇಜಾರಾಗಬೇಡಿ, ಪಾಪ, ಅವರಿಗೆ ಕಂಡದ್ದು ಅಷ್ಟೇ. ನಾಲ್ಕು ಪ್ರಶ್ನೆ ಕೇಳಿ: ಯಾವ ಬ್ರೌಸರ್, ಯಾವ ಆಪರೇಟಿಂಗ್ ಸಿಸ್ಟಮ್, ಯಾವ ಕೀಬೋರ್ಡ್ ಲೇಔಟ್, ಖಾಲಿ ಡಾಕ್ಯುಮೆಂಟ್‌ನಲ್ಲೂ ಆಗುತ್ತದಾ. ಮೂರನೆಯದನ್ನು ಯಾರೂ ತಾವಾಗಿ ಹೇಳುವುದಿಲ್ಲ, ಆದರೆ ಟೈಪಿಂಗ್ ದೂರುಗಳಲ್ಲಿ ಅದೇ ಮುಖ್ಯ. ನಾಲ್ಕನೆಯದಕ್ಕೆ 'ಇಲ್ಲ' ಅಂದರೆ ಅವರ ಫೈಲನ್ನೇ ಕೇಳಬೇಡಿ, ಅದರಲ್ಲಿ ಖಾಸಗಿ ವಿಷಯ ಇರಬಹುದು. ಪದಗಳನ್ನೆಲ್ಲ ಬೇರೆ ಪದಗಳಿಂದ ಬದಲಿಸಿ, ಚಿಕ್ಕದು ಮಾಡಿ ಕಳಿಸಲು ಹೇಳಿ.

ನಿಮ್ಮ ಯಂತ್ರದಲ್ಲೂ ಅದೇ ತೊಂದರೆ ಕಂಡಿತು, ಹಿಂದಿನ ರಿಲೀಸ್‌ನಲ್ಲಿ ಇರಲಿಲ್ಲ. ಆಗ ಗಿಟ್ ಬೈಸೆಕ್ಟ್ ಇದೆ. ಕೆಟ್ಟ ಕಮಿಟ್ ಒಂದು, ಒಳ್ಳೆಯ ಕಮಿಟ್ ಒಂದು ಹೇಳಿದರೆ ಮಧ್ಯದ್ದನ್ನು ತೆಗೆದು ಮುಂದಿಡುತ್ತದೆ. ನೋಡಿ ಹೇಳುತ್ತಾ ಹೋದರೆ ಪ್ರತಿ ಸಲ ಅರ್ಧ ಕಡಿಮೆಯಾಗುತ್ತದೆ. ಸಾವಿರ ಕಮಿಟ್ ಇದ್ದರೂ ಸುಮಾರು 10 ಸಲಕ್ಕೆ ಮುಗಿಯುತ್ತದೆ. ಟೆಸ್ಟ್ ಬರೆದಿಟ್ಟುಕೊಂಡಿದ್ದರೆ 'ಬೈಸೆಕ್ಟ್ ರನ್' ಅಂದು ಎದ್ದು ಹೋಗಬಹುದು. ಬಿಲ್ಡೇ ಆಗದ ಕಮಿಟ್ ಸಿಕ್ಕಿದಾಗ ನಿಮ್ಮ ಸ್ಕ್ರಿಪ್ಟ್ 125 ಅನ್ನುವ ಎಕ್ಸಿಟ್ ಕೋಡ್ ಕೊಟ್ಟರೆ ಗಿಟ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ.

ಈಗ ಆ ಕಥೆ. ಬೇರೆ ಕಡೆಯಿಂದ ಪೇಸ್ಟ್ ಮಾಡಿದಾಗ ಕಣ್ಣಿಗೆ ಕಾಣದ ಕ್ಯಾರೆಕ್ಟರ್‌ಗಳು ಸೇರಿಕೊಂಡು ಹುಡುಕುವಿಕೆ ಕೆಲಸ ಮಾಡುತ್ತಿಲ್ಲ ಅಂತ ಒಂದು ದೂರು ಇತ್ತು. ನಾನು ಅಗಲವಿಲ್ಲದ ಕ್ಯಾರೆಕ್ಟರ್‌ಗಳನ್ನೆಲ್ಲ ಪೇಸ್ಟ್ ಆಗುವಾಗಲೇ ಕಿತ್ತುಹಾಕುವ ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆದೆ. ಇಂಗ್ಲಿಷ್‌ನಲ್ಲಿ ಪರೀಕ್ಷೆ ಮಾಡಿದೆ. ಚೆನ್ನಾಗಿತ್ತು, ಮರ್ಜ್ ಆಯಿತು. ಆಮೇಲೆ ಕನ್ನಡದಲ್ಲಿ ಬರೆಯುವ ಒಬ್ಬರು ಸ್ಕ್ರೀನ್‌ಶಾಟ್ ಕಳಿಸಿದರು. 'ಸಾಫ್ಟ್‌ವೇರ್' ಅಂತ ಪೇಸ್ಟ್ ಮಾಡಿದ್ದು 'ಸಾಫ್ಟ್ವೇರ್' ಆಗಿತ್ತು. ಟ ಅಕ್ಷರದ ಪಕ್ಕ ನಿಲ್ಲಬೇಕಾದ ವ ಕೆಳಗೆ ಒತ್ತಕ್ಷರವಾಗಿ ಇಳಿದಿತ್ತು. ಆ ಎರಡನ್ನೂ ಬೇರೆ ನಿಲ್ಲಿಸುವುದೇ ಜೀರೋ ವಿಡ್ತ್ ನಾನ್ ಜಾಯಿನರ್ ಅನ್ನುವ ಕಾಣದ ಕ್ಯಾರೆಕ್ಟರ್. ನನ್ನ ಕೋಡ್ ಅದನ್ನೂ ಕಸ ಅಂತ ಗುಡಿಸಿತ್ತು. ಪರ್ಷಿಯನ್ ಬರೆಯುವವರಿಗೂ ಅದೇ ಕ್ಯಾರೆಕ್ಟರ್ ಬೇಕು. ಅದರ ಜೋಡಿಯಾದ ಜೀರೋ ವಿಡ್ತ್ ಜಾಯಿನರ್ ಕಿತ್ತರೆ ಕುಟುಂಬದ ಎಮೋಜಿ ಒಡೆದು ಮೂರು ನಾಲ್ಕು ಬಿಡಿ ಮುಖಗಳಾಗುತ್ತವೆ. ಹುಡುಕುವಿಕೆ ಸರಿಮಾಡಬೇಕಿದ್ದರೆ ಹುಡುಕುವಾಗ ಮಾತ್ರ ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡಬೇಕಿತ್ತು. ಬರೆದವರ ಪಠ್ಯಕ್ಕೆ ಕೈ ಹಾಕಬಾರದಿತ್ತು. ಪ್ಯಾಚ್ ವಾಪಸ್ ತೆಗೆದೆ, ಆದರೆ ಅಷ್ಟರಲ್ಲಿ ಪೇಸ್ಟ್ ಆಗಿ ಸೇವ್ ಆದದ್ದನ್ನು ಸರಿಮಾಡಲು ದಾರಿಯೇ ಇರಲಿಲ್ಲ.

ಆ ಸಲದಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ತಿದ್ದುಪಡಿಗೆ ಮೊದಲು ಫೇಲಾಗುವ ಟೆಸ್ಟ್ ಬರೆಯುವುದು, ಮತ್ತು ಆ ಟೆಸ್ಟ್‌ನಲ್ಲಿ ಇಂಗ್ಲಿಷ್ ಅಲ್ಲದ ಒಂದು ಪದವನ್ನಾದರೂ ಹಾಕುವುದು.

## ಹಂತ 4: ಟೈಪಿಂಗ್ ಕೋಡ್ ಮುಟ್ಟುವಾಗ

ಇಡೀ ಫ್ರಂಟ್‌ಎಂಡ್‌ನಲ್ಲಿ ಹೆಚ್ಚು ಹುಷಾರಾಗಿರಬೇಕಾದ ಜಾಗ ಇದು, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ.

ಒಂದು ಕೀ ಒತ್ತಿದರೆ ಒಂದು ಅಕ್ಷರ ಅನ್ನುವುದು ಎಲ್ಲರಿಗೂ ನಿಜವಲ್ಲ. ಜಪಾನಿ, ಚೀನಿ ಭಾಷೆಗಳಲ್ಲಿ, ಇಂಗ್ಲಿಷ್ ಅಕ್ಷರಗಳಿಂದ ಕನ್ನಡ ಮೂಡಿಸುವ ಕೀಬೋರ್ಡ್‌ಗಳಲ್ಲಿ, ಫೋನ್‌ಗಳಲ್ಲಿ ಪದ ಮೊದಲು ತಾತ್ಕಾಲಿಕವಾಗಿ ಮೂಡುತ್ತದೆ, ಒಪ್ಪಿಕೊಂಡ ಮೇಲೆ ಗಟ್ಟಿಯಾಗುತ್ತದೆ. ಇದಕ್ಕೆ ಕಂಪೋಸಿಷನ್ ಅನ್ನುತ್ತಾರೆ. ಬ್ರೌಸರ್ ಮೂರು ಈವೆಂಟ್ ಕಳಿಸುತ್ತದೆ: ಕಂಪೋಸಿಷನ್‌ಸ್ಟಾರ್ಟ್, ಕಂಪೋಸಿಷನ್‌ಅಪ್‌ಡೇಟ್, ಕಂಪೋಸಿಷನ್‌ಎಂಡ್. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಆ ಪ್ಯಾರಾವನ್ನು ನೀವು ಮತ್ತೆ ಬರೆಯಬಾರದು. ಸ್ಪೆಲ್ ಚೆಕ್‌ನ ಕೆಂಪು ಗೆರೆ ಹಾಕಲಿಕ್ಕೂ ಇಲ್ಲ, ಲಿಂಕನ್ನು ನೀಲಿ ಮಾಡಲಿಕ್ಕೂ ಇಲ್ಲ. ಬರೆದರೆ ಕಂಪೋಸಿಷನ್ ಮಧ್ಯದಲ್ಲೇ ಮುರಿಯುತ್ತದೆ. 'ನಮ' ಅಂತ ಬರೆಯಲು ಹೋದವರಿಗೆ 'ನನಮ' ಸಿಗುತ್ತದೆ, ಇಲ್ಲವೇ ಅರ್ಧ ಪದ ಮಾಯವಾಗುತ್ತದೆ.

ಎಂಟರ್ ಕೀಯಲ್ಲಿ ಇನ್ನೊಂದು ಅಪಾಯ ಇದೆ. ಜಪಾನಿಯಲ್ಲಿ ಪದವನ್ನು ಒಪ್ಪಿಕೊಳ್ಳಲು ಎಂಟರ್ ಒತ್ತುತ್ತಾರೆ. ನಿಮ್ಮ ಕೋಡ್ ಅದನ್ನು ಹೊಸ ಸಾಲು ಅಂದುಕೊಂಡರೆ, ಅಥವಾ ಕಾಮೆಂಟ್ ಪೆಟ್ಟಿಗೆಯಲ್ಲಿ 'ಕಳಿಸು' ಅಂದುಕೊಂಡರೆ, ಅರ್ಧ ವಾಕ್ಯ ಹೊರಟುಹೋಗುತ್ತದೆ. 'ಈಸ್‌ಕಂಪೋಸಿಂಗ್' ನಿಜವಾಗಿದ್ದರೆ ಎಂಟರ್ ಬಿಟ್ಟುಬಿಡಿ ಅನ್ನುವುದು ಸಾಮಾನ್ಯ ಪರಿಹಾರ. ಆದರೆ ಸಫಾರಿಯಲ್ಲಿ ಕಂಪೋಸಿಷನ್‌ಎಂಡ್ ಮೊದಲು ಬಂದು ಆಮೇಲೆ ಕೀಡೌನ್ ಬರುತ್ತದೆ, ಅಷ್ಟರಲ್ಲಿ ಈಸ್‌ಕಂಪೋಸಿಂಗ್ ಸುಳ್ಳಾಗಿರುತ್ತದೆ. ಅದಕ್ಕೆ ಕೀಕೋಡ್ 229 (ಈ ಕೀಯನ್ನು ಕಂಪೋಸಿಷನ್ ಹಿಡಿದುಕೊಂಡಿದೆ ಅನ್ನುವ ಗುರುತು) ಇದೆಯಾ ಅಂತಲೂ ನೋಡಬೇಕು. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ತೆರೆಯ ಮೇಲಿನ ಕೀಬೋರ್ಡ್‌ನ ಅಕ್ಷರಗಳಿಗೆ ಸಿಗುವುದೂ ಬಹುಪಾಲು ಇದೇ 229. ಅಲ್ಲಿ ಕೀಡೌನ್ ನಂಬಿದರೆ ಏನೂ ತಿಳಿಯುವುದಿಲ್ಲ, ಬಿಫೋರ್‌ಇನ್‌ಪುಟ್ ನೋಡಬೇಕು. ಫೈರ್‌ಫಾಕ್ಸ್‌ಗೂ 2021ರಲ್ಲಿ, 87ನೇ ಆವೃತ್ತಿಯಿಂದ ಇದು ಬಂದಿದೆ. ಹಾಗಾಗಿ ಹಳೆಯ ಕೀಪ್ರೆಸ್ ಕೋಡ್ ಇನ್ನೂ ಇಟ್ಟುಕೊಳ್ಳಲು ಕಾರಣವಿಲ್ಲ.

ಇನ್ನು ಅಕ್ಷರ ಎಣಿಸುವ ವಿಷಯ. 'ಸ್ತ್ರೀ' ಓದುವವರಿಗೆ ಒಂದಕ್ಷರ. ಜಾವಾಸ್ಕ್ರಿಪ್ಟ್‌ನ ಲೆಂಗ್ತ್ ಕೇಳಿದರೆ 6 ಅನ್ನುತ್ತದೆ: ಸ, ವಿರಾಮ (ವ್ಯಂಜನದ ಸ್ವರ ತೆಗೆಯುವ ಗುರುತು), ತ, ವಿರಾಮ, ರ, ದೀರ್ಘ ಈ. ಯಾರಾದರೂ ಟ್ಯಾಬ್‌ನಲ್ಲಿ ತೋರಿಸಲು ಶೀರ್ಷಿಕೆಯನ್ನು 20ಕ್ಕೆ ಕತ್ತರಿಸುವ ಕೋಡ್ ಬರೆದರೆ ಅದು ಈ ಆರರ ನಡುವೆ ಬೀಳಬಹುದು, ಕೊನೆಯಲ್ಲಿ ಒಂಟಿ 'ಸ್' ಉಳಿಯುತ್ತದೆ. ಎಮೋಜಿಯಾದರೆ ಚೌಕದೊಳಗೆ ಪ್ರಶ್ನೆ ಚಿಹ್ನೆ ಬರುತ್ತದೆ. ಕತ್ತರಿಸಲು ಜಾವಾಸ್ಕ್ರಿಪ್ಟ್‌ನಲ್ಲೇ ಇರುವ 'ಇಂಟಲ್ ಸೆಗ್ಮೆಂಟರ್' (Intl.Segmenter) ಬಳಸಿ. 2024ರಲ್ಲಿ ಫೈರ್‌ಫಾಕ್ಸ್ 125ಕ್ಕೂ ಅದು ಬಂದ ಮೇಲೆ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ ಇದೆ. ಅದು ಕೊಡುವ ತುಂಡು ನಾವು ಅಕ್ಷರ ಅನ್ನುವುದಕ್ಕೆ ಪ್ರತಿ ಸಲ ಸಮ ಆಗುವುದಿಲ್ಲ, ಆದರೂ ಕೈಯಾರೆ ಕತ್ತರಿಸುವುದಕ್ಕಿಂತ ಎಷ್ಟೋ ವಾಸಿ.

ಬ್ಯಾಕ್‌ಸ್ಪೇಸ್ ಮಾತ್ರ ಬೇರೆ ಕಥೆ. ಭಾರತದ ಲಿಪಿಗಳಲ್ಲಿ ಬ್ಯಾಕ್‌ಸ್ಪೇಸ್ ಸಾಮಾನ್ಯವಾಗಿ ಕೊನೆಯ ಒಂದು ಗುರುತನ್ನು ಮಾತ್ರ ಅಳಿಸುತ್ತದೆ. 'ಕೀ' ಬದಲು 'ಕಿ' ಬೇಕಾದವರು ಇಡೀ ಅಕ್ಷರ ಮತ್ತೆ ಒತ್ತಬಾರದಲ್ಲ. ಬಾಣದ ಕೀ ಮಾತ್ರ ಇಡೀ ಗುಚ್ಛವನ್ನು ದಾಟುತ್ತದೆ. 'ಬ್ಯಾಕ್‌ಸ್ಪೇಸ್ ಅಕ್ಷರವನ್ನು ಅರ್ಧ ಅಳಿಸುತ್ತದೆ' ಅಂತ ಸದುದ್ದೇಶದಿಂದ ಯಾರೋ ಕಳಿಸಿದ ಪ್ಯಾಚ್ ಮರ್ಜ್ ಮಾಡುವ ಮೊದಲು ಆ ಭಾಷೆಯಲ್ಲಿ ದಿನಾ ಬರೆಯುವವರನ್ನು ಒಂದು ಮಾತು ಕೇಳಿ.

ನಿಮ್ಮದು ಕ್ಯಾನ್ವಾಸ್ ಅಥವಾ ಟೈಲ್ ಎಡಿಟರ್ ಆಗಿದ್ದರೆ ಟೈಪಿಂಗ್ ಹಿಡಿಯಲು ಎಲ್ಲೋ ಒಂದು ಕಾಣದ ಟೆಕ್ಸ್ಟ್ ಏರಿಯಾ ಅಥವಾ ಪುಟ್ಟ ಕಂಟೆಂಟ್‌ಎಡಿಟಬಲ್ ಇದ್ದೇ ಇರುತ್ತದೆ. ಅದು ಕರ್ಸರ್ ಜೊತೆಗೇ ಸರಿಯಬೇಕು. ಇಲ್ಲದಿದ್ದರೆ ಪದ ಸೂಚಿಸುವ ಪೆಟ್ಟಿಗೆ ಪುಟದ ಮೂಲೆಯಲ್ಲೆಲ್ಲೋ ತೆರೆದುಕೊಳ್ಳುತ್ತದೆ.

## ಹಂತ 5: ಪೇಸ್ಟ್

ಪೇಸ್ಟ್ ಅಂದರೆ ಹೊರಗಿನವರ ಎಚ್‌ಟಿಎಂಎಲ್ ನಿಮ್ಮ ಮನೆಯೊಳಗೆ ಬರುವ ಬಾಗಿಲು. ಸ್ಕ್ರಿಪ್ಟ್ ಇರಬಹುದು, 'ಜಾವಾಸ್ಕ್ರಿಪ್ಟ್' ಅಂತ ಶುರುವಾಗುವ ಲಿಂಕ್ ಇರಬಹುದು. ಬೇಡದ್ದನ್ನು ಪಟ್ಟಿ ಮಾಡಿ ತೆಗೆಯಲು ಹೋಗಬೇಡಿ, ಆ ಪಟ್ಟಿ ಎಂದೂ ಮುಗಿಯುವುದಿಲ್ಲ. ಬೇಕಾದ ಟ್ಯಾಗ್‌ಗಳನ್ನು ಮಾತ್ರ ಒಳಗೆ ಬಿಡಿ. ನಿಮ್ಮದೇ ಫಿಲ್ಟರ್ ಬರೆಯುವ ಬದಲು ಡಾಮ್‌ಪ್ಯೂರಿಫೈ ತರಹದ ಪಳಗಿದ ಲೈಬ್ರರಿ ಬಳಸಿ.

ಆಮೇಲೆ ಒಂದೊಂದು ಮೂಲದ್ದೂ ಒಂದೊಂದು ಚಾಳಿ. ಗೂಗಲ್ ಡಾಕ್ಸ್‌ನಿಂದ ಕಾಪಿ ಮಾಡಿದರೆ ಇಡೀ ಪಠ್ಯ ಒಂದು 'ಬಿ' ಟ್ಯಾಗ್ ಒಳಗೆ ಬರುತ್ತದೆ, ಆ ಟ್ಯಾಗ್‌ನ ಸ್ಟೈಲ್‌ನಲ್ಲಿ ಮಾತ್ರ ಫಾಂಟ್ ವೇಟ್ 'ನಾರ್ಮಲ್' ಅಂತಿರುತ್ತದೆ. ಅಂದರೆ ಬೋಲ್ಡ್ ಟ್ಯಾಗ್, ಆದರೆ ಬೋಲ್ಡ್ ಅಲ್ಲ! ಟ್ಯಾಗ್ ಮಾತ್ರ ನೋಡಿ ಸ್ಟೈಲ್ ಬಿಸಾಡುವ ಕೋಡ್ ಇದ್ದರೆ ಪುಟ ಪೂರ್ತಿ ದಪ್ಪಗಾಗುತ್ತದೆ. ಮೈಕ್ರೋಸಾಫ್ಟ್ ವರ್ಡ್‌ನಿಂದ ಬಂದ ಪಟ್ಟಿಗಳು ಎಷ್ಟೋ ಸಲ ಪಟ್ಟಿಗಳೇ ಆಗಿರುವುದಿಲ್ಲ, 'ಎಂಎಸ್ಒ' ಅಂತ ಶುರುವಾಗುವ ಸ್ಟೈಲ್ ಹೊತ್ತ ಪ್ಯಾರಾಗಳಾಗಿರುತ್ತವೆ. ಇಂಥ ಪ್ರತಿಯೊಂದಕ್ಕೂ ಕ್ಲಿಪ್‌ಬೋರ್ಡ್‌ನಲ್ಲಿ ಬಂದದ್ದನ್ನು ಹಾಗೇ ಒಂದು ಫೈಲಾಗಿ ಟೆಸ್ಟ್ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. ನೋಡಲು ಗಲೀಜು, ಆದರೆ ಹಿಂದೆ ಸರಿಮಾಡಿದ್ದು ಮತ್ತೆ ಕೆಟ್ಟಾಗ ಮೊದಲು ಕೂಗುವುದು ಆ ಫೈಲ್‌ಗಳೇ.

## ಹಂತ 6: ಟೆಸ್ಟ್‌ಗಳು, ನಿಜವಾದ ಬ್ರೌಸರ್‌ನಲ್ಲಿ

ಮಾಡೆಲ್ ಮೇಲಿನ ಲೆಕ್ಕಾಚಾರಕ್ಕೆ ಸಾಮಾನ್ಯ ಯೂನಿಟ್ ಟೆಸ್ಟ್ ಸಾಕು, ಬೇಗ ಓಡುತ್ತವೆ. ಆದರೆ ಬ್ರೌಸರ್ ಇಲ್ಲದೆ ಪುಟವನ್ನು ಅನುಕರಿಸುವ ಜೆಎಸ್‌ಡಾಮ್‌ನಲ್ಲಿ ಲೇಔಟ್ ಇಲ್ಲ. ಯಾವ ಸಾಲು ಎಲ್ಲಿ ಮುರಿಯಿತು, ಕರ್ಸರ್ ಎಷ್ಟು ಪಿಕ್ಸೆಲ್ ಆಚೆ ಇದೆ ಅನ್ನುವುದು ಅದಕ್ಕೆ ಗೊತ್ತೇ ಇಲ್ಲ. ಅಂಥವನ್ನು ನಿಜವಾದ ಬ್ರೌಸರನ್ನು ತಾನೇ ನಡೆಸುವ ಟೆಸ್ಟ್ ಸಾಧನವಾದ ಪ್ಲೇರೈಟ್‌ನಲ್ಲಿ ಕ್ರೋಮಿಯಂ, ಫೈರ್‌ಫಾಕ್ಸ್, ವೆಬ್‌ಕಿಟ್ ಮೂರರಲ್ಲೂ ಓಡಿಸಿ, ಅಥವಾ ಪ್ರಾಜೆಕ್ಟ್‌ನಲ್ಲಿ ಈಗಾಗಲೇ ಸೈಪ್ರೆಸ್ ಇದ್ದರೆ ಅದರಲ್ಲೇ ಬರೆಯಿರಿ. ಟೆಸ್ಟ್ ಸಾಧನ ಬದಲಿಸುವುದೇ ಒಂದು ಪ್ರಾಜೆಕ್ಟ್ ಆಗಿಬಿಡುತ್ತದೆ. ಕಂಪೋಸಿಷನ್ ಅನುಕರಿಸಲು ಕ್ರೋಮಿಯಂನಲ್ಲಿ ಡೆವ್‌ಟೂಲ್ಸ್ ಪ್ರೋಟೊಕಾಲ್‌ನ ಐಎಂಇ (ಕಂಪೋಸಿಷನ್ ಮಾಡಿಸುವ ಕೀಬೋರ್ಡ್ ತಂತ್ರಾಂಶ) ಆಜ್ಞೆ ಇದೆ. ಉಳಿದ ಕಡೆ ರಿಲೀಸ್‌ಗೆ ಮೊದಲು ಕೈಯಿಂದಲೇ ಟೈಪ್ ಮಾಡಿ ನೋಡಬೇಕು. ನನಗೆ ಬೇರೆ ದಾರಿ ಸಿಕ್ಕಿಲ್ಲ.

ಒಮ್ಮೆ ಪಾಸಾಗಿ ಒಮ್ಮೆ ಫೇಲಾಗುವ ಟೆಸ್ಟ್‌ಗಳು ದೊಡ್ಡ ತಲೆನೋವು. ಹೆಚ್ಚಿನವುಗಳಲ್ಲಿ 'ಅರ್ಧ ಸೆಕೆಂಡ್ ಕಾಯಿ' ಅನ್ನುವ ಸಾಲು ಇರುತ್ತದೆ. ಅದನ್ನು ಒಂದು ಸೆಕೆಂಡ್ ಮಾಡಿ ಕೈ ತೊಳೆದುಕೊಳ್ಳಬೇಡಿ. ಯಾವುದಕ್ಕೆ ಕಾಯುತ್ತಿದ್ದೀರೋ ಅದನ್ನೇ ಹೇಳಿ: ಸೇವ್ ಗುರುತು ಹೋಗುವ ತನಕ, ಟೈಲ್ ಬರುವ ತನಕ, ಡೈಲಾಗ್‌ನಲ್ಲಿ ಫೋಕಸ್ ಕೂರುವ ತನಕ. ಸರಿಮಾಡಲು ಆಗದಿದ್ದರೆ ಟೆಸ್ಟನ್ನು ಪಕ್ಕಕ್ಕಿಟ್ಟು ಇಶ್ಯೂ ತೆರೆಯಿರಿ. 'ಅದು ಹಾಗೇ, ಇನ್ನೊಮ್ಮೆ ಓಡಿಸು' ಅನ್ನುವುದು ಅಭ್ಯಾಸವಾದರೆ ನಿಜವಾದ ಫೇಲ್ ಬಂದಾಗಲೂ ಇನ್ನೊಮ್ಮೆ ಓಡಿಸುತ್ತೀರಿ.

ಅನ್‌ಡೂಗೆ ಪ್ರತ್ಯೇಕ ಟೆಸ್ಟ್ ಬೇಕು. ಇಬ್ಬರು ಒಟ್ಟಿಗೆ ಬರೆಯುವಾಗ ಒಬ್ಬರು ಅನ್‌ಡೂ ಒತ್ತಿದರೆ ಅವರದ್ದು ಮಾತ್ರ ಹಿಂದೆ ಹೋಗಬೇಕು, ಇನ್ನೊಬ್ಬರ ಸಾಲು ಹಾಗೇ ಇರಬೇಕು. ಹೊಸ ಫೀಚರ್ ಯಾವುದೇ ಬರಲಿ, ಎರಡು ವಿಂಡೋ ತೆರೆದು ಇದನ್ನು ನೋಡದೆ ಮರ್ಜ್ ಮಾಡಬೇಡಿ.

## ಹಂತ 7: ಹಳೆಯ ಕೋಡ್ ತಿದ್ದುವುದು

ವರ್ಷಗಟ್ಟಲೆ ಬೆಳೆದ ಎಡಿಟರ್‌ನಲ್ಲಿ ಸಾವಿರಾರು ಸಾಲಿನ ಒಂದೊಂದು ಫೈಲ್ ಇರುತ್ತದೆ. ಎಲ್ಲ ಬಿಸಾಕಿ ಹೊಸದಾಗಿ ಬರೆಯೋಣ ಅನ್ನಿಸುವುದು ಸಹಜ. ಬೇಡ. ಆ ವಿಚಿತ್ರ 'ಇಫ್'ಗಳಲ್ಲಿ ಅರ್ಧಕ್ಕರ್ಧ ಯಾರೋ ಅನುಭವಿಸಿದ ಬಗ್‌ಗೆ ಉತ್ತರ. ತೆಗೆಯುವ ಮೊದಲು ಗಿಟ್ ಬ್ಲೇಮ್ (ಒಂದೊಂದು ಸಾಲು ಯಾವ ಕಮಿಟ್‌ನಲ್ಲಿ ಬಂತು ಅಂತ ತೋರಿಸುವ ಕಮಾಂಡ್) ಹಾಕಿ ಅದು ಯಾಕೆ ಬಂತು ಅಂತ ಓದಿ.

ಟೈಪ್‌ಸ್ಕ್ರಿಪ್ಟ್‌ಗೆ ಹೋಗುವುದಾದರೆ ಒಂದೊಂದೇ ಫೈಲ್ ಹೋಗಿ. 'ಅಲೌ ಜೆಎಸ್' ಆಯ್ಕೆ ಇಟ್ಟುಕೊಂಡರೆ ಹಳೆಯದೂ ಹೊಸದೂ ಜೊತೆಗೇ ಬದುಕುತ್ತವೆ. ಬೇರೆಯವರು ಹೆಚ್ಚು ಬಳಸುವ, ತಾನು ಯಾರನ್ನೂ ಅಷ್ಟಾಗಿ ಬಳಸದ ಸಣ್ಣ ಫೈಲ್‌ಗಳಿಂದ ಶುರುಮಾಡಿ. ಎಲ್ಲದಕ್ಕೂ 'ಎನಿ' (ಯಾವ ಟೈಪ್ ಆದರೂ ಸರಿ) ಅಂತ ಬರೆದು ಪರಿವರ್ತನೆ ಮುಗಿಯಿತು ಅಂದರೆ ಫೈಲ್‌ನ ಹೆಸರು ಬದಲಾಯಿತು ಅಷ್ಟೇ.

ಇಲ್ಲಿ ನಾನು ಹಟ ಹಿಡಿಯುವ ಒಂದು ನಿಯಮ ಇದೆ. ಫೈಲ್ ಹೆಸರು ಬದಲಿಸುವುದು ಒಂದು ಕಮಿಟ್, ಫಾರ್ಮ್ಯಾಟ್ ಮಾಡುವುದು ಇನ್ನೊಂದು, ಕೋಡ್‌ನ ನಡವಳಿಕೆ ಬದಲಿಸುವುದು ಮತ್ತೊಂದು. ಮೂರೂ ಸೇರಿದ ಪ್ಯಾಚನ್ನು ಯಾರೂ ನಿಜವಾಗಿ ಓದುವುದಿಲ್ಲ, ಓದಿದ ಹಾಗೆ ಮಾಡುತ್ತಾರೆ. ಫಾರ್ಮ್ಯಾಟ್ ಕಮಿಟ್‌ನ ಸಂಖ್ಯೆಯನ್ನು 'ಗಿಟ್ ಬ್ಲೇಮ್ ಇಗ್ನೋರ್ ರೆವ್ಸ್' ಫೈಲ್‌ಗೆ ಹಾಕಿ. 2019ರ ಗಿಟ್ 2.23ರಿಂದ ಬ್ಲೇಮ್ ಅಂಥ ಕಮಿಟ್‌ಗಳನ್ನು ದಾಟಿ ನೋಡಬಲ್ಲದು.

## ಹಂತ 8: ಡಿಪೆಂಡೆನ್ಸಿಗಳು, ಅಂದರೆ ನಾವು ನೆಚ್ಚಿಕೊಂಡ ಬೇರೆಯವರ ಪ್ಯಾಕೇಜ್‌ಗಳು

2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಅನ್ನುವ 11 ಸಾಲಿನ ಪ್ಯಾಕೇಜನ್ನು ಬರೆದವರೇ ಎನ್‌ಪಿಎಂನಿಂದ ತೆಗೆದಾಗ ಸಾವಿರಾರು ಪ್ರಾಜೆಕ್ಟ್‌ಗಳ ಬಿಲ್ಡ್ ನಿಂತುಹೋಗಿತ್ತು. 2025ರ ಸೆಪ್ಟೆಂಬರ್‌ನಲ್ಲಿ ನಕಲಿ ಇಮೇಲ್‌ನಿಂದ ಒಬ್ಬ ಮೇಂಟೇನರ್‌ನ ಖಾತೆ ಕದ್ದು ಚಾಕ್, ಡೀಬಗ್‌ನಂಥ ಎಲ್ಲರೂ ಬಳಸುವ ಪ್ಯಾಕೇಜ್‌ಗಳಿಗೇ ಕೆಟ್ಟ ಕೋಡ್ ಸೇರಿಸಿದರು. ಹಾಗಂತ ಎಲ್ಲವನ್ನೂ ನಾವೇ ಬರೆಯಲಾಗುವುದಿಲ್ಲ. ಹತ್ತು ಸಾಲಿನ ಕೆಲಸಕ್ಕೆ ಪ್ಯಾಕೇಜ್ ತರಬೇಡಿ. ಸೆಕ್ಯುರಿಟಿ ಅಪ್‌ಡೇಟ್ ತಕ್ಷಣ ತೆಗೆದುಕೊಳ್ಳಿ, ಉಳಿದವು ಕೆಲವು ದಿನ ಹಳೆಯದಾದ ಮೇಲೆ ಬರಲಿ. ಬಾಟ್ (ತಾನಾಗಿ ಓಡುವ ಪ್ರೋಗ್ರಾಂ) ಕಳಿಸುವ ಅಪ್‌ಡೇಟ್‌ಗಳನ್ನು ವಾರಕ್ಕೊಮ್ಮೆ ಒಟ್ಟಿಗೆ ನೋಡಿ. ಎಡಿಟರ್‌ನ ಮೂಲ ಲೈಬ್ರರಿಯ ಅಪ್‌ಡೇಟ್ ಮಾತ್ರ ಒಂಟಿಯಾಗಿ, ಕೈಯಿಂದ ಟೈಪ್ ಮಾಡಿ ನೋಡಿದ ಮೇಲೆ.

ಬೇರೆ ಪ್ರಾಜೆಕ್ಟ್‌ನಿಂದ ಕೋಡ್ ಎತ್ತಿಕೊಳ್ಳುವ ಮೊದಲು ಲೈಸೆನ್ಸ್ ನೋಡಿ. ಕೊಲಾಬೊರಾ ಆನ್‌ಲೈನ್ ಎಂಪಿಎಲ್ 2.0, ಓನ್ಲಿಆಫೀಸ್ ಎಜಿಪಿಎಲ್ 3. ಎರಡೂ ಓಪನ್ ಸೋರ್ಸೇ, ಷರತ್ತುಗಳು ಬೇರೆ.

## ಹಂತ 9: ಅನುವಾದ ಮತ್ತು ಎಲ್ಲರ ಕೈಗೆಟುಕುವುದು

ವಾಕ್ಯಗಳನ್ನು ತುಂಡು ತುಂಡಾಗಿ ಅಂಟಿಸಬೇಡಿ. 'ಡಿಲೀಟೆಡ್' ಪ್ಲಸ್ ಸಂಖ್ಯೆ ಪ್ಲಸ್ 'ಪೇಜಸ್' ಅಂತ ಬರೆದರೆ ಕನ್ನಡಕ್ಕೆ ತರುವವರಿಗೆ 'ಅಳಿಸಲಾಗಿದೆ 3 ಪುಟಗಳು' ಬಿಟ್ಟು ಬೇರೆ ದಾರಿ ಇರುವುದಿಲ್ಲ. ಇಡೀ ವಾಕ್ಯ ಒಂದೇ ಸ್ಟ್ರಿಂಗ್ ಆಗಿ, ಸಂಖ್ಯೆಗೆ ಒಂದು ಜಾಗ ಬಿಟ್ಟು ಕೊಡಿ. 'ಓಪನ್' ಅನ್ನುವ ಒಂದೇ ಪದ ಒಂದು ಕಡೆ 'ತೆರೆ', ಇನ್ನೊಂದು ಕಡೆ 'ತೆರೆದಿದೆ' ಆಗಬೇಕಾಗುತ್ತದೆ, ಹಾಗಾಗಿ ಅದು ಎಲ್ಲಿ ಕಾಣುತ್ತದೆ ಅಂತ ಒಂದು ಟಿಪ್ಪಣಿ ಸೇರಿಸಿ.

ಸಿಎಸ್ಎಸ್‌ನಲ್ಲಿ ಒಂದು ಮಾಮೂಲಿ ಎಡವಟ್ಟು: ಬಟನ್‌ಗೆ ಲೈನ್ ಹೈಟ್ 1, ಓವರ್‌ಫ್ಲೋ ಹಿಡನ್. ಇಂಗ್ಲಿಷ್‌ನಲ್ಲಿ ಚೆಂದ ಕಾಣುತ್ತದೆ. ಕನ್ನಡದಲ್ಲಿ 'ಪಟ್ಟಿ' ಅಂತ ಬಂದಾಗ ಒತ್ತಕ್ಷರದ ಕೆಳಭಾಗ ಕತ್ತರಿಸಿ 'ಪಟಿ' ತರಹ ಕಾಣುತ್ತದೆ. ಎತ್ತರವನ್ನು ಪಿಕ್ಸೆಲ್‌ನಲ್ಲಿ ಕಟ್ಟಿಹಾಕದೆ ಪ್ಯಾಡಿಂಗ್‌ನಿಂದ ಕೊಡಿ.

ಟೂಲ್‌ಬಾರ್ ಇಡೀ ಒಂದೇ ಟ್ಯಾಬ್ ನಿಲ್ದಾಣ ಆಗಿರಬೇಕು, ಒಳಗೆ ಬಾಣದ ಕೀಗಳಿಂದ ಓಡಾಡಬೇಕು. ಇಲ್ಲದಿದ್ದರೆ ಮೌಸ್ ಬಳಸದವರು ಪುಟಕ್ಕೆ ತಲುಪಲು ನಲವತ್ತು ಸಲ ಟ್ಯಾಬ್ ಒತ್ತಬೇಕಾಗುತ್ತದೆ. ಬೋಲ್ಡ್ ಆನ್ ಆಗಿದೆಯಾ ಅನ್ನುವುದು 'ಏರಿಯಾ ಪ್ರೆಸ್ಡ್' (aria-pressed) ಗುಣದ ಮೂಲಕ ಸ್ಕ್ರೀನ್ ರೀಡರ್‌ಗೂ ಗೊತ್ತಾಗಬೇಕು. 2023ರ ಅಕ್ಟೋಬರ್‌ನಲ್ಲಿ ಬಂದ ಡಬ್ಲ್ಯುಸಿಎಜಿ 2.2ರ (ವೆಬ್ ಎಲ್ಲರ ಕೈಗೆಟುಕಲು ಇರುವ ಮಾರ್ಗಸೂಚಿ) ಎಎ ಮಟ್ಟಕ್ಕೆ ಒತ್ತುವ ಜಾಗ ಸಾಮಾನ್ಯವಾಗಿ 24 ಪಿಕ್ಸೆಲ್ ಅಗಲ, 24 ಎತ್ತರಕ್ಕಿಂತ ಕಡಿಮೆ ಇರಬಾರದು, ಸಾಧಾರಣ ಗಾತ್ರದ ಪಠ್ಯಕ್ಕೂ ಹಿನ್ನೆಲೆಗೂ ನಡುವಿನ ಕಾಂಟ್ರಾಸ್ಟ್ 4.5:1 ಇರಬೇಕು.

## ಹಂತ 10: ರಿವ್ಯೂ, ರಿಲೀಸ್, ಬ್ಯಾಕ್‌ಪೋರ್ಟ್

ಪ್ಯಾಚ್ ಕಳಿಸಿದವರು ತಮ್ಮ ಬಿಡುವಿನ ಸಮಯ ಕೊಟ್ಟಿದ್ದಾರೆ. ಬೇಡ ಅನ್ನುವುದಾದರೆ ಬೇಗ ಹೇಳಿ, ಕಾರಣ ಹೇಳಿ. ಮೂರು ತಿಂಗಳು ಸುಮ್ಮನಿದ್ದು ಆಮೇಲೆ ಮುಚ್ಚುವುದಕ್ಕಿಂತ ಎರಡನೇ ದಿನ 'ಇದು ನಮಗೆ ಹೊಂದುವುದಿಲ್ಲ' ಅನ್ನುವುದು ಎಷ್ಟೋ ಮೇಲು. ತೆರೆಯ ಮೇಲೆ ಕಾಣುವ ಬದಲಾವಣೆಯಾದರೆ ಮೊದಲು ಮತ್ತು ನಂತರದ ಸ್ಕ್ರೀನ್‌ಶಾಟ್ ಕೇಳಿ, ಡಾರ್ಕ್ ಮೋಡ್‌ನದ್ದೂ ಇರಲಿ. ಬ್ರಾಂಚನ್ನು ನಿಮ್ಮ ಯಂತ್ರಕ್ಕೆ ಇಳಿಸಿ ಐದು ನಿಮಿಷ ಟೈಪ್ ಮಾಡಿ. ಡಿಫ್ ಓದಿ ಕಾಣದ್ದು ಬೆರಳಿಗೆ ಗೊತ್ತಾಗುತ್ತದೆ: ಟೈಪಿಂಗ್ ತಡವರಿಸುತ್ತಿದೆ ಅನ್ನಿಸಿದರೆ ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ 50 ಮಿಲಿಸೆಕೆಂಡ್ ದಾಟಿದ ಟಾಸ್ಕ್‌ಗಳನ್ನು ಹುಡುಕಿ. ಎಷ್ಟೋ ಸಲ ಪ್ರತಿ ಕೀಗೂ ಯಾರೋ ಇಡೀ ಪುಟದ ಎತ್ತರ ಅಳೆಯುತ್ತಿರುತ್ತಾರೆ.

ರಿಲೀಸ್ ಹತ್ತಿರ ಬಂದಾಗ ಪ್ರತ್ಯೇಕ ಬ್ರಾಂಚ್ ಮಾಡಿ, ಅದಕ್ಕೆ ಬಗ್ ಸರಿಮಾಡುವ ಕಮಿಟ್ ಮಾತ್ರ ಬಿಡಿ. ಸರಿಮಾಡುವುದು ಮೊದಲು ಮುಖ್ಯ ಬ್ರಾಂಚ್‌ನಲ್ಲಿ, ಅಲ್ಲಿಂದ ಚೆರ್ರಿ ಪಿಕ್ ಮಾಡಿ (ಆ ಒಂದು ಕಮಿಟ್ ಮಾತ್ರ ಎತ್ತಿಕೊಂಡು) ಹಳೆಯದಕ್ಕೆ. ಇದೇ ಬ್ಯಾಕ್‌ಪೋರ್ಟ್. ತಿರುವುಮುರುವು ಮಾಡಿದರೆ ಮುಂದಿನ ಆವೃತ್ತಿಯಲ್ಲಿ ಅದೇ ಬಗ್ ಮತ್ತೆ ಎದ್ದು ಬರುತ್ತದೆ. ಚೆರ್ರಿ ಪಿಕ್ ಮಾಡುವಾಗ 'ಎಕ್ಸ್' ಆಯ್ಕೆ ಕೊಟ್ಟರೆ ಮೂಲ ಕಮಿಟ್‌ನ ಸಂಖ್ಯೆ ಸಂದೇಶದಲ್ಲೇ ಸೇರುತ್ತದೆ, ಎಲ್ಲಿಂದ ಬಂತು ಅಂತ ಹುಡುಕಬೇಕಿಲ್ಲ.

ಟ್ಯಾಗ್ ಹಾಕುವ ಹಿಂದಿನ ದಿನ ನಾನು ಒಂದು ಹಳೆಯ ಡಾಕ್ಯುಮೆಂಟ್ ತೆರೆಯುತ್ತೇನೆ. ಅದರಲ್ಲಿ ಕನ್ನಡ, ಜಪಾನಿ, ಅರೇಬಿಕ್ ಸಾಲುಗಳು, ಒಂದು ಟೇಬಲ್, ಕುಟುಂಬದ ಎಮೋಜಿ, ಗೂಗಲ್ ಡಾಕ್ಸ್‌ನಿಂದ ಪೇಸ್ಟ್ ಮಾಡಿದ ಪ್ಯಾರಾ ಇವೆ. ಮೂರು ಬ್ರೌಸರ್‌ಗಳಲ್ಲಿ ಮತ್ತು ಒಂದು ಫೋನ್‌ನಲ್ಲಿ ತೆರೆದು, ಪ್ರತಿ ಸಾಲಿಗೂ ಒಂದು ಪದ ಸೇರಿಸಿ, ಅನ್‌ಡೂ ಮಾಡಿ, ನೆಟ್‌ವರ್ಕ್ ಕಿತ್ತು ಮತ್ತೆ ಹಾಕಿ, ಸೇವ್ ಮಾಡಿ, ಮುಚ್ಚಿ ತೆರೆದು ಮೊದಲಿನದ್ದರ ಜೊತೆ ಹೋಲಿಸುತ್ತೇನೆ. ಮೊದಲ ಸಾಲಿನಲ್ಲಿ 'ಸಾಫ್ಟ್‌ವೇರ್' ಅಂತಿದೆ. ವ ಇನ್ನೂ ಟ ಪಕ್ಕದಲ್ಲೇ ನಿಂತಿದ್ದರೆ ಮುಂದಿನ ಸಾಲಿಗೆ ಹೋಗುತ್ತೇನೆ.